ಸೈಕಲ್ ಜಾಥಾಕ್ಕೆ ಹೊರಟಿರಾ? ಮೊದಲು ನೆಟ್ಟಗೆ ತುಳಿಯುವುದನ್ನು ಕಲಿಯಿರಿ

ಕೆ.ಜಿ.ಎಫ್.ನ ಉರಿಗಾಂನಿಂದ ರಾಬರ್ಟ್‌ಸನ್‌ಪೇಟೆಗೋ ಬೇತಮಂಗಲಕ್ಕೋ ವಾರಕ್ಕೆ ನಾಲ್ಕು ಸಲ ಸೈಕಲ್ ತುಳಿಯುವವರನ್ನು ‘ನಿಮಗೆ ಸೈಕಲ್ ಬರುತ್ತದಾ?’ ಎಂದು ಕೇಳಿ ನೋಡಿ, ಬೈಸಿಕೊಳ್ಳುತ್ತೀರಿ. ಒಬ್ಬರೇ ಹೋಗುವಾಗ ಅವರಿಗೆ ಸೈಕಲ್ ಬರುತ್ತದೆ, ಅನುಮಾನವಿಲ್ಲ. ಅದೇ ಮನುಷ್ಯರು ಐನೂರು ಜನರ ಜಾಥಾದಲ್ಲಿ, ಹಸಿರು ಬಾವುಟ ಬೀಸಿ ಐದು ನಿಮಿಷವಾಗುವುದರೊಳಗೆ, ಮೊಣಕೈ ತರಚಿಕೊಂಡು ರಸ್ತೆ ಬದಿಯಲ್ಲಿ ಕೂತಿರುತ್ತಾರೆ. ಲಾರಿ ಗುದ್ದಿರುವುದಿಲ್ಲ, ಗುಂಡಿಗೆ ಬಿದ್ದಿರುವುದಿಲ್ಲ. ಪಕ್ಕದವರ ಹ್ಯಾಂಡಲ್ ತಾಗಿರುತ್ತದೆ, ಇಲ್ಲವೇ ಮುಂದಿದ್ದವರು ಫೋಟೊಗೆಂದು ಗಕ್ಕನೆ ನಿಂತಿರುತ್ತಾರೆ.

ಗುಂಪಿನಲ್ಲಿ ಸೈಕಲ್ ತುಳಿಯುವುದು ಬೇರೆಯೇ ವಿದ್ಯೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಅವಕಾಶಗಳು ಮಾತ್ರ ಹೆಚ್ಚುತ್ತಲೇ ಇವೆ. ಮತದಾನ ಜಾಗೃತಿ, ಮಾದಕ ವಸ್ತು ವಿರೋಧಿ ದಿನ, ಪರಿಸರ ದಿನ, ಜೂನ್ 3ರ ವಿಶ್ವ ಸೈಕಲ್ ದಿನ ಎಂದು ಜಾಥಾಗಳು ನಡೆಯುತ್ತವೆ. 2024ರ ಡಿಸೆಂಬರ್‌ನಿಂದ ಕೇಂದ್ರ ಕ್ರೀಡಾ ಸಚಿವಾಲಯದ ‘ಸಂಡೇಸ್ ಆನ್ ಸೈಕಲ್’ ಇದೆ. ಬೆಂಗಳೂರಿಗೆ ಹೋದರೆ 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ ‘ಬ್ರೆವೆ’ ಎಂಬ ದೂರದ ಸವಾರಿಗಳಿವೆ. ಇನ್ನೂ ಹುರುಪಿದ್ದರೆ 2008ರಿಂದ ನಡೆದು ಬಂದಿರುವ ‘ಟೂರ್ ಆಫ್ ನೀಲಗಿರೀಸ್’ ಇದೆ. ಇವಕ್ಕೆಲ್ಲ ಲಕ್ಷ ರೂಪಾಯಿಯ ಸೈಕಲ್ಲೇ ಬೇಕು ಎನ್ನುವುದು ಅಂಗಡಿಯವರ ಮಾತು. ಊರಿನ ಜಾಥಾಕ್ಕೆ, 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಡಲು ಶುರುಮಾಡಿದಂಥ ಸಾದಾ ಸೈಕಲ್ ಧಾರಾಳವಾಗಿ ಸಾಕು, ಬ್ರೇಕ್ ಹಿಡಿಯುವಂತಿದ್ದರೆ.

ಬೀಳುವುದು ಯಾಕೆ?

ಇದನ್ನು ತಿಳಿದುಕೊಂಡರೆ ಉಳಿದ ಸಲಹೆಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಓಡುವ ಸೈಕಲ್ ನೆಟ್ಟಗಿರುವುದು ಮುಂದಿನ ಚಕ್ರದ ಸಣ್ಣ ಸಣ್ಣ ತಿರುವುಗಳಿಂದ. ಎಡಕ್ಕೆ ವಾಲಿದರೆ ನಮಗೇ ಗೊತ್ತಾಗದಂತೆ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಚಕ್ರವನ್ನು ಮತ್ತೆ ಮೈಯ ಕೆಳಕ್ಕೆ ತಂದುಕೊಳ್ಳುತ್ತೇವೆ. ಈಗ ನಿಮ್ಮ ಮುಂದಿನ ಚಕ್ರ ಇನ್ನೊಬ್ಬರ ಹಿಂದಿನ ಚಕ್ರದ ಬಲ ಮಗ್ಗುಲಿಗೆ ಒಂದಡಿ ನುಗ್ಗಿದೆ ಎಂದುಕೊಳ್ಳಿ. ಅವರು ಗುಂಡಿ ತಪ್ಪಿಸಲು ಒಂದು ಗೇಣು ಬಲಕ್ಕೆ ಬಂದರು. ಎರಡು ಚಕ್ರ ಉಜ್ಜಿದವು. ನೀವು ಎಡಕ್ಕೆ ವಾಲಿದ್ದೀರಿ, ಆದರೆ ಎಡಕ್ಕೆ ತಿರುಗಿಸಲು ಜಾಗವಿಲ್ಲ, ಅಲ್ಲಿ ಅವರ ಚಕ್ರವಿದೆ. ಬೀಳುವುದು ನೀವು. ಅವರಿಗೆ ಒಂದು ಜಗ್ಗು ಅಷ್ಟೇ, ಯಾಕೆಂದರೆ ಹಿಂದಿನ ಚಕ್ರಕ್ಕೆ ತಿರುಗುವ ಕೆಲಸವೇ ಇಲ್ಲ. ತಪ್ಪು ಯಾರದೇ ಆಗಿರಲಿ, ಪೆಟ್ಟು ತಿನ್ನುವುದು ಹಿಂದಿರುವವರು. ಆದ್ದರಿಂದ ಅಂತರ ಕಾಯುವ ಜವಾಬ್ದಾರಿಯೂ ಹಿಂದಿರುವವರದೇ.

ಎರಡನೆಯದು ಬ್ರೇಕ್. ಮುಂದಿನವರು ನಿಂತದ್ದು ಕಣ್ಣಿಗೆ ಬಿದ್ದು ನಿಮ್ಮ ಬೆರಳು ಲಿವರ್ ಒತ್ತುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಸೆಕೆಂಡ್ ಕಳೆದಿರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿಗೆ ಸೈಕಲ್ ಐದೂವರೆ ಮೀಟರ್ ಹೋಗಿರುತ್ತದೆ. ಅಂದರೆ ಮೂರು ಸೈಕಲ್ ಉದ್ದ. ತಡವಾಗಿ ಹಿಡಿದವರು ಜೋರಾಗಿ ಹಿಡಿಯಬೇಕಾಗುತ್ತದೆ, ಅವರ ಹಿಂದಿನವರು ಇನ್ನೂ ಜೋರಾಗಿ. ಮುಂದೆ ಒಬ್ಬರು ಸ್ವಲ್ಪ ನಿಧಾನಿಸಿದ್ದು ಹತ್ತನೆಯವರ ಪಾಲಿಗೆ ಕಿರ್ರೆಂದು ನಿಲ್ಲುವ ಬ್ರೇಕಾಗಿರುತ್ತದೆ.

‘ಟಿವಿಯಲ್ಲಿ ರೇಸಿನವರು ಅಂಟಿಕೊಂಡೇ ಹೋಗುತ್ತಾರಲ್ಲ?’ ಎನ್ನಬಹುದು. ಮುಂದಿನವರು ಗಾಳಿ ಸೀಳಿಕೊಟ್ಟರೆ ಹಿಂದಿನವರಿಗೆ ಶ್ರಮ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಆದರೆ ಗಾಳಿಯ ತಡೆ ವೇಗದ ವರ್ಗದಂತೆ ಏರುವಂಥದ್ದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವರಿಗೆ ದೊಡ್ಡ ಲಾಭ, ಜಾಥಾದ 15 ಕಿ.ಮೀ. ವೇಗದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಲಾಭವಿಲ್ಲದ ಅಪಾಯ ಯಾಕೆ ಬೇಕು? ಎರಡು ಮೂರು ಸೈಕಲ್ ಉದ್ದ ಬಿಡಿ. ನಡುವೆ ಯಾರಾದರೂ ನುಗ್ಗಿದರೆ ಬೇಸರಪಡದೆ ಮತ್ತೆ ಅಷ್ಟೇ ಬಿಡಿ.

ಸೈಕಲ್ಲನ್ನು ಅಣಿಗೊಳಿಸುವುದು

ಕನಿಷ್ಠ ಒಂದು ವಾರ ಮೊದಲು ಈ ಕೆಲಸ ಮುಗಿಸಿ. ಹಿಂದಿನ ಸಂಜೆ ರಿಪೇರಿ ಮಾಡಿಸಿದ ಸೈಕಲ್ಲಿನಲ್ಲಿ ಏನು ಸಡಿಲವಾಗಿದೆ ಎಂಬುದು ಬೆಳಿಗ್ಗೆ ಜಾಥಾದಲ್ಲೇ ಗೊತ್ತಾಗುವುದು.

1. ಗಾಳಿ: ಎಷ್ಟು ಹೊಡೆಯಬೇಕೆಂದು ಟೈರಿನ ಮಗ್ಗುಲಲ್ಲೇ ಬರೆದಿರುತ್ತದೆ. ‘ಕಲ್ಲಿನ ಹಾಗಿರಲಿ’ ಎಂದು ಅದನ್ನು ಮೀರಬೇಡಿ. ಕಡಿಮೆಯಾದರೆ ಹಂಪಿನಲ್ಲಿ ರಿಮ್ಮು ಟ್ಯೂಬನ್ನು ಕಚ್ಚಿ ಪಂಕ್ಚರ್ ಆಗುತ್ತದೆ. ಟೈರಿನ ಮೇಲೆ ಕೈಯಾಡಿಸಿ ಜಾಲಿ ಮುಳ್ಳು ಮುರಿದುಕೊಂಡಿದೆಯೇ ನೋಡಿ.

2. ಬ್ರೇಕ್: ಲಿವರ್ ಪೂರ್ತಿ ಅದುಮಿದಾಗಲೂ ಅದಕ್ಕೂ ಹ್ಯಾಂಡಲ್‌ಗೂ ನಡುವೆ ಎರಡು ಬೆರಳ ಜಾಗ ಉಳಿಯಬೇಕು. ಬ್ರೇಕ್ ರಬ್ಬರ್ ರಿಮ್ಮಿಗೆ ತಾಗಬೇಕೇ ಹೊರತು ಟೈರಿಗಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್. ನಿಮ್ಮ ಸೈಕಲ್ಲಿನಲ್ಲಿ ಯಾವುದು ಎಂದು ಖಚಿತ ಮಾಡಿಕೊಳ್ಳಿ.

3. ಚೈನು: ಎಣ್ಣೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಆಮೇಲೆ ಬಟ್ಟೆಯಲ್ಲಿ ಒರೆಸಿ. ಹೊರಗೆ ಜಿಡ್ಡು ಉಳಿಯಬಾರದು. ನಮ್ಮೂರಲ್ಲಿ ಇದು ಹೆಚ್ಚು ಮುಖ್ಯ. ಗಾಳಿಗಾಲದಲ್ಲಿ ಚಿನ್ನದ ಗಣಿಯ ತ್ಯಾಜ್ಯದ ಸೈನೈಡ್ ಗುಡ್ಡಗಳಿಂದ ಏಳುವ ನಯವಾದ ಕಲ್ಲುಪುಡಿ ಜಿಡ್ಡಿಗೆ ಹತ್ತಿಕೊಂಡರೆ ಮರಳುಕಾಗದದಂತೆ ಚೈನನ್ನು ಸವೆಸುತ್ತದೆ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಬೇಡ.

4. ಸಡಿಲು: ಸೈಕಲ್ಲನ್ನು ಒಂದು ಗೇಣು ಎತ್ತಿ ಬಿಡಿ. ಗಡಗಡ ಎಂದರೆ ಎಲ್ಲೋ ನಟ್ಟು ಸಡಿಲಿದೆ. ಮಡ್ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು ನೋಡಿ. ಓಡುವಾಗ ಸ್ಟ್ಯಾಂಡು ಕೆಳಗಿಳಿದರೆ ಎಡಕ್ಕೆ ತಿರುಗುವಾಗ ಅದೇ ಎತ್ತಿ ಹಾಕುತ್ತದೆ.

5. ಸೀಟು: ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಮೊಣಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಭಯಕ್ಕೆ ಸೀಟು ಇಳಿಸಿಕೊಂಡವರಿಗೆ ಇಪ್ಪತ್ತು ಕಿ.ಮೀ. ದಾಟಿದ ಮೇಲೆ ಮಂಡಿನೋವು ಗ್ಯಾರಂಟಿ.

ಹೆಲ್ಮೆಟ್ ಬಗ್ಗೆ ಒಂದು ಮಾತು. ಬೈಕಿನ ಹೆಲ್ಮೆಟ್ ಹಾಕಿಕೊಂಡು ಬರುವವರಿದ್ದಾರೆ. ಅದು ಭಾರ, ಕಿವಿ ಮುಚ್ಚುತ್ತದೆ, ಬಿಸಿಲಿಗೆ ತಲೆ ಸುತ್ತು ಬರಿಸುತ್ತದೆ. ಸೈಕಲ್ ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ, ಅಡ್ಡಡ್ಡವಾಗಿ ಕೂರಬೇಕು. ನೆತ್ತಿಯ ಹಿಂದಕ್ಕೆ ತಳ್ಳಿದರೆ ಹಣೆ ಬಯಲಾಗುತ್ತದೆ. ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳಷ್ಟೇ ಹೋಗಬೇಕು. ಒಳಗಿನ ಥರ್ಮಾಕೋಲ್ ತಾನು ನಜ್ಜುಗುಜ್ಜಾಗಿ ತಲೆಗೆ ಬೀಳುವ ಪೆಟ್ಟನ್ನು ಹೀರುತ್ತದೆ. ಆ ಕೆಲಸ ಅದು ಮಾಡುವುದು ಒಂದೇ ಸಲ. ಬಿದ್ದ ಹೆಲ್ಮೆಟ್ ಚೆಂದ ಕಂಡರೂ ಎಸೆಯಿರಿ, ತಮ್ಮನಿಗೆ ದಾಟಿಸಬೇಡಿ.

ನಾಲ್ಕು ಅಭ್ಯಾಸಗಳು

ಶಾಲೆಯ ಮೈದಾನವೋ ಖಾಲಿ ಬಯಲೋ ಸಾಕು. ಇಬ್ಬರು ಮೂವರು ಗೆಳೆಯರಿದ್ದರೆ ಒಳ್ಳೆಯದು.

1. ಗೆರೆಯ ಮೇಲೆ: ಸುಣ್ಣದ ಪುಡಿಯಲ್ಲಿ ಐವತ್ತು ಅಡಿ ಗೆರೆ ಎಳೆದು ಅದರ ಮೇಲೇ ತುಳಿಯಿರಿ. ಚಕ್ರವನ್ನೇ ನೋಡಿದರೆ ಓಲಾಡುತ್ತೀರಿ. ಗೆರೆಯ ತುದಿಯನ್ನು ನೋಡಿ, ಸೈಕಲ್ ತಾನೇ ನೆಟ್ಟಗಾಗುತ್ತದೆ. ಜಾಥಾದಲ್ಲೂ ಅಷ್ಟೇ, ಮುಂದಿನವರ ಟೈರನ್ನು ದಿಟ್ಟಿಸದೆ ಅವರ ಹೆಗಲಾಚೆ ನಾಲ್ಕೈದು ಸೈಕಲ್ ದೂರಕ್ಕೆ ಕಣ್ಣಿಡಿ.

2. ಹಿಂತಿರುಗಿ ನೋಡುವುದು: ಅದೇ ಗೆರೆಯ ಮೇಲೆ ಹೋಗುತ್ತಾ ಬಲ ಹೆಗಲ ಮೇಲಿಂದ ಹಿಂದೆ ನೋಡಿ, ಗೆಳೆಯ ಎಷ್ಟು ಬೆರಳು ಎತ್ತಿದ್ದಾನೆ ಹೇಳಿ. ಮೊದಮೊದಲು ಎಲ್ಲರೂ ಬಲಕ್ಕೆ ಎಳೆಯುತ್ತಾರೆ, ಯಾಕೆಂದರೆ ತಲೆಯ ಜೊತೆ ಕೈಯೂ ತಿರುಗುತ್ತದೆ. ಹ್ಯಾಂಡಲ್ ಹಿಡಿತ ಸಡಿಲಿಸಿ, ಗಲ್ಲವನ್ನು ಹೆಗಲಿಗೆ ತಾಗಿಸಿದರೆ ಸರಿಹೋಗುತ್ತದೆ. ಇದು ಬಾರದವರು ಗುಂಪಿನಲ್ಲಿ ಯಾರನ್ನೂ ದಾಟಬಾರದು. ನಾಲ್ಕರಲ್ಲಿ ಒಂದನ್ನೇ ಮಾಡಲು ಸಮಯವಿದೆ ಎನ್ನುವವರು ಇದನ್ನೇ ಮಾಡಿ.

3. ಒಂದು ಕೈ: ಸನ್ನೆ ಮಾಡಲು, ನೀರು ಕುಡಿಯಲು ಬೇಕು. ನಮ್ಮ ಕಡೆಯ ಗುಂಪಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೂಗುತ್ತಿರುತ್ತವೆ. ಗಾಳಿಯಲ್ಲಿ ಯಾವುದೂ ನೆಟ್ಟಗೆ ಕೇಳದು. ಗುಂಡಿಯಿರುವ ಕಡೆಗೆ ಬೆರಳು ತೋರಿಸಿದರೆ ಎಲ್ಲರಿಗೂ ತಿಳಿಯುತ್ತದೆ. ಅಂಗೈ ಹಿಂದಕ್ಕೆ ತೋರಿಸಿ ಕೈ ಇಳಿಬಿಟ್ಟರೆ ನಿಲ್ಲುತ್ತಿದ್ದೇನೆ ಎಂದು. ಕೈ ಬಿಟ್ಟರೆ ಓಲಾಡುವವರು ಸನ್ನೆಯ ಗೊಡವೆಗೆ ಹೋಗದೆ ಬಾಯಲ್ಲೇ ಕೂಗಲಿ.

4. ಬ್ರೇಕ್: ಬ್ರೇಕ್ ಹಿಡಿದಾಗ ಮೈಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಆದ್ದರಿಂದ ಬೇಗ ನಿಲ್ಲಿಸುವುದು ಮುಂದಿನ ಬ್ರೇಕೇ. ಅದನ್ನೊಂದನ್ನೇ ಗಬಕ್ಕನೆ ಹಿಡಿದರೆ ಮುಗ್ಗರಿಸುವುದೂ ನಿಜ. ಸೊಂಟವನ್ನು ಸೀಟಿನ ಹಿಂದಕ್ಕೆ ಜರುಗಿಸಿ, ಎರಡನ್ನೂ ಒಟ್ಟಿಗೆ, ಹಿಂಡಿದಂತೆ ಮೆಲ್ಲಗೆ ಬಿಗಿ ಮಾಡುತ್ತಾ ಹೋಗಿ. ರಿಮ್ಮು ಒದ್ದೆಯಾದರೆ ಎರಡು ಪಟ್ಟು ಜಾಗ ಇಟ್ಟುಕೊಳ್ಳಿ.

ರೈಲಿಗೆ ಹೋಗುವವರ ಭಾನುವಾರ

ದಿನಕ್ಕೆ ಒಂದೂವರೆ ಗಂಟೆ ತುಳಿಯಿರಿ ಎನ್ನುವ ಪುಸ್ತಕದ ಸಲಹೆ ಇಲ್ಲಿನವರಿಗೆ ಹೊಂದುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ದಿನಚರಿ ಮಾರಿಕುಪ್ಪಂ–ಬೆಂಗಳೂರು ರೈಲಿನ ವೇಳೆಗೆ ಕಟ್ಟಿಕೊಂಡಿದೆ. ನಸುಕಿನಲ್ಲಿ ಹೊರಟರೆ ಮನೆ ಸೇರುವುದು ರಾತ್ರಿ. ಅಂಥವರು ಸ್ಟೇಷನ್ನಿಗೆ ಸೈಕಲ್ಲಿನಲ್ಲೇ ಹೋಗಿಬನ್ನಿ, ವಾರದ ಮಧ್ಯದ ಅಭ್ಯಾಸ ಬಹುಮಟ್ಟಿಗೆ ಅಲ್ಲೇ ಆಯಿತು. ಇನ್ನೆರಡು ದಿನ ಅರ್ಧರ್ಧ ಗಂಟೆ ಸಿಕ್ಕರೆ ಒಳ್ಳೆಯದು. ಭಾನುವಾರದ ಒಂದು ಉದ್ದ ಸವಾರಿಯನ್ನು ಮಾತ್ರ ತಪ್ಪಿಸಬೇಡಿ.

50 ಕಿ.ಮೀ. ಸವಾರಿಗೆ ಹೆಸರು ಕೊಟ್ಟಿದ್ದೀರಿ, ಈಗ 15 ಕಿ.ಮೀ. ಸಲೀಸು ಎಂದುಕೊಳ್ಳೋಣ. ಭಾನುವಾರಗಳನ್ನು 15, 18, 22, 18, 26, 30, 36 ಹೀಗೆ ಏರಿಸಿ, ಸವಾರಿಯ ಹಿಂದಿನ ಭಾನುವಾರ ಹದಿನೈದಕ್ಕೆ ಇಳಿಸಿ. ಐವತ್ತನ್ನು ಮೊದಲೇ ಮುಟ್ಟಬೇಕಿಲ್ಲ. ಸುಮಾರು ಮುಕ್ಕಾಲು ಭಾಗ ಆದರೆ ಉಳಿದದ್ದು ಆ ದಿನದ ಹುಮ್ಮಸ್ಸಿನಲ್ಲಿ ಆಗುತ್ತದೆ. ನಿಧಾನ ಯಾಕೆಂದರೆ, ದಮ್ಮು ಎರಡು ಮೂರು ವಾರಕ್ಕೇ ಹೆಚ್ಚಿದಂತೆ ಕಂಡರೂ ಮಂಡಿಯ ಸ್ನಾಯುಬಂಧ, ಸೀಟಿನ ಮೇಲೆ ಕೂರುವ ಜಾಗ, ಅಂಗೈ ಇವು ಒಗ್ಗಲು ಹೆಚ್ಚು ಕಾಲ ಬೇಕು. ಬಿ.ಪಿ., ಸಕ್ಕರೆ, ಎದೆಯ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ.

ದಾರಿಯ ಆಯ್ಕೆಗೆ ಬರವಿಲ್ಲ. ಬಂಗಾರಪೇಟೆ, ಅಲ್ಲಿಂದ ಹೈದರಾಲಿ ಹುಟ್ಟಿದ ಬೂದಿಕೋಟೆ, ಇತ್ತ ಕಮ್ಮಸಂದ್ರದ ಕೋಟಿಲಿಂಗೇಶ್ವರ, ಬೇತಮಂಗಲದ ಕೆರೆ. ಈ ದಾರಿಗಳಲ್ಲಿ ಕೆಲವು ಎಚ್ಚರಿಕೆಗಳು:

ರೈಲ್ವೆ ಗೇಟಿನಲ್ಲಿ ಹಳಿಗೆ ನೇರ ಅಡ್ಡವಾಗಿ ದಾಟಿ. ಓರೆಯಾಗಿ ಹೋದರೆ ಟೈರು ಹಳಿಯ ಪಕ್ಕದ ಸಂದಿಗೆ ಇಳಿದು ಹ್ಯಾಂಡಲ್ ಕೈಬಿಡುತ್ತದೆ. ಹಳಿ ಒದ್ದೆಯಿದ್ದರೆ ಅದರ ಮೇಲೆ ಬ್ರೇಕ್ ಮುಟ್ಟಲೇಬೇಡಿ. ಗುಂಪಿದ್ದರೆ ಇಳಿದು ನಡೆಯಿರಿ, ಮಾನವೇನೂ ಹೋಗುವುದಿಲ್ಲ.

ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳೇ ಕಣ. ವಾಹನ ತುಳಿಯಲಿ ಎಂದು ರಾಗಿಯನ್ನೋ ಹುರುಳಿಯನ್ನೋ ಹರಡಿರುತ್ತಾರೆ. ಅದರ ಮೇಲೆ ಟೈರು ಜಾರುತ್ತದೆ, ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ, ಕೆಳಗೆ ಗುಂಡಿಯಿದ್ದರೆ ಕಾಣುವುದಿಲ್ಲ. ಮೊದಲೇ ವೇಗ ಇಳಿಸಿ, ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಹಿಡಿಯದೆ ನೆಟ್ಟಗೆ ದಾಟಿ.

ಟೊಮೆಟೊ ಕಾಲದಲ್ಲಿ ನಸುಕಿಗೇ ಕೋಲಾರದ ಎ.ಪಿ.ಎಂ.ಸಿ. ಕಡೆಗೆ ಪಿಕಪ್‌ಗಳು ಓಡುತ್ತಿರುತ್ತವೆ. ಚಾಲಕ ನಿಮ್ಮನ್ನು ನೋಡಿದ್ದಾನೆ ಎಂದು ನಂಬಬೇಡಿ. ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಪಟ್ಟಿ ಇರಲಿ. ಬೇತಮಂಗಲದ ಬಳಿ ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಅಗಲವಾಗಿ, ಖಾಲಿಯಾಗಿ ಕರೆಯುತ್ತಿರುತ್ತದೆ. ಅಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ. ‘ಬೆಳಿಗ್ಗೆ ಐದಕ್ಕೆ ಯಾರು ನೋಡುತ್ತಾರೆ’ ಎನ್ನುವವರ ಜೊತೆ ಹೋಗಬೇಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಒದೆಯಲು ಕಾಲೆತ್ತಬೇಡಿ. ನಿಧಾನಿಸಿ ಗದರಿ. ನಾಯಿ ಕಚ್ಚಿ ಬೀಳುವವರಿಗಿಂತ ನಾಯಿಗೆ ಹೆದರಿ ಪಕ್ಕದವರಿಗೆ ಗುದ್ದಿ ಬೀಳುವವರು ಹೆಚ್ಚು.

ಆ ಬೆಳಿಗ್ಗೆ

ಹೊರಡುವ ಎರಡು ಗಂಟೆ ಮೊದಲು ಇಡ್ಲಿ, ಅವಲಕ್ಕಿಯಂಥ ಹಗುರ ತಿಂಡಿ ಸಾಕು. ಒಂದು ಗಂಟೆಯೊಳಗಿನ ಜಾಥಾಕ್ಕೆ ನೀರೊಂದೇ ಸಾಕು. ಅದಕ್ಕೂ ಹೆಚ್ಚಾದರೆ ಗಂಟೆಗೊಂದು ಬಾಳೆಹಣ್ಣು, ಜೊತೆಗೆ ಒಂದೆರಡು ಕಡಲೆಮಿಠಾಯಿ, ಹಸಿವಾಗುವ ಮೊದಲೇ ತಿನ್ನಿ. ಬಿಸಿಲಿಗೆ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ತಪ್ಪು, ರಕ್ತದ ಉಪ್ಪಿನಂಶ ತೆಳುವಾಗುತ್ತದೆ. ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ನಿಂಬೆ ಹಿಂಡಿಕೊಳ್ಳಿ. ಬಂಗಾರಪೇಟೆಯಲ್ಲಿ ಸವಾರಿ ಎಂದರೆ ಪಾನಿಪುರಿಯ ಆಸೆ ತಡೆಯುವುದು ಕಷ್ಟ. ಮುಗಿಸಿದ ಮೇಲೆ ಎಷ್ಟು ಬೇಕಾದರೂ ತಿನ್ನಿ, ನಡುವೆ ಬೇಡ.

ಬಟ್ಟೆಯಲ್ಲಿ ನೇತಾಡುವಂಥದ್ದು ಏನೂ ಇರಬಾರದು. ದುಪಟ್ಟಾ ಸೊಂಟಕ್ಕೆ ಬಿಗಿಯಾಗಲಿ, ಶೂ ಲೇಸು ಒಳಗೆ ಹೋಗಲಿ. ಚೈನು ಇರುವುದು ಬಲಕ್ಕೆ, ಆದ್ದರಿಂದ ಬಲಗಾಲಿನ ಪ್ಯಾಂಟನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿ. ಜಾಥಾದಲ್ಲಿ ಕೊಡುವ ಬಾವುಟವನ್ನು ಕೈಯಲ್ಲಿ ಹಿಡಿಯಬೇಡಿ, ಹ್ಯಾಂಡಲ್‌ಗೂ ಕಟ್ಟಬೇಡಿ, ಗಾಳಿಗೆ ಅದು ಕಡ್ಡಿಗಳ ನಡುವೆ ಹೋಗುತ್ತದೆ. ಬೇಕೇ ಬೇಕೆಂದರೆ ಹಿಂದಿನ ಕ್ಯಾರಿಯರ್‌ಗೆ ನೆಟ್ಟಗೆ ಬಿಗಿಯಿರಿ.

ಅತಿ ಅಪಾಯದ ಜಾಗ ಮೊದಲ ಒಂದು ಕಿಲೋಮೀಟರ್. ಎಲ್ಲ ವೇಗದವರೂ ಒಂದೇ ಕಡೆ ಕಿಕ್ಕಿರಿದಿರುತ್ತಾರೆ. ಕೇಪ್‌ಟೌನ್‌ನಲ್ಲಿ 1978ರಿಂದ ನಡೆಯುತ್ತಿರುವ ಸವಾರಿಯಲ್ಲಿ ಮೂವತ್ತು ಸಾವಿರದಷ್ಟು ಜನ ಸೇರುತ್ತಾರೆ. ಅವರನ್ನೆಲ್ಲ ಒಟ್ಟಿಗೆ ಬಿಡದೆ ತಂಡ ತಂಡವಾಗಿ ಬಿಡುತ್ತಾರೆ. ನಮ್ಮ ಜಾಥಾಗಳಲ್ಲಿ ಆ ವ್ಯವಸ್ಥೆ ಅಪರೂಪ, ನೀವೇ ಮಾಡಿಕೊಳ್ಳಬೇಕು. ನಿಧಾನದವರು ಹಿಂದೆ ನಿಲ್ಲಿ, ಹೊಸಬರು ಇನ್ನೂ ಹಿಂದೆ. ಅತಿಥಿಗಳ ಜೊತೆ ಫೋಟೊದಲ್ಲಿ ಬರಬೇಕೆಂದು ಮುಂದಿನ ಸಾಲಿಗೆ ನುಗ್ಗಿದವರೇ ಆಮೇಲೆ ಎಲ್ಲರಿಗೂ ಅಡ್ಡವಾಗುವುದು. ಹೊರಟ ಮೇಲೆ ಎಡಕ್ಕೆ ಇರಿ. ದಾಟುವವರು ಬಲದಿಂದಲೇ, ‘ಬಲಕ್ಕೆ ಬರ್ತಿದೀನಿ’ ಎಂದು ಕೂಗಿ ದಾಟಲಿ.

ಸಾಮಾನ್ಯ ತಪ್ಪುಗಳು

• ಗುಂಪಿನ ನಡುವೆ ಬಾಟಲಿ ಬೀಳಿಸಿಕೊಂಡು ಹೆಕ್ಕಲು ನಿಲ್ಲುವುದು. ಬಿದ್ದದ್ದು ಬಿದ್ದಿರಲಿ.

• ಇಯರ್‌ಫೋನ್. ಒಂದೇ ಕಿವಿಗೆ ಹಾಕಿದ್ದೇನೆ ಎನ್ನುವುದು ವಾದವಲ್ಲ.

• ಗೆಳೆಯನ ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುವುದು, ಕ್ಯಾರಿಯರ್ ಮೇಲೆ ಡಬಲ್ಸ್ ಕೂರಿಸುವುದು. ಮಕ್ಕಳಿರುವ ಜಾಥಾಗಳಲ್ಲಿ ಮೇಷ್ಟ್ರು ಇದನ್ನು ಮೊದಲೇ ತಡೆಯಬೇಕು.

• ಚೈನು ಬಿಚ್ಚಿಕೊಂಡರೆ ಅಲ್ಲೇ ನಿಂತುಬಿಡುವುದು. ಕೈ ಎತ್ತಿ, ಪೆಡಲ್ ಬಿಟ್ಟು, ಉರುಳುತ್ತಲೇ ಎಡಬದಿಗೆ ಹೋಗಿ ರಸ್ತೆಯಿಂದ ಪೂರ್ತಿ ಇಳಿಯಿರಿ.

• ಕೊನೆಯ ಗೆರೆ ದಾಟಿದ ಕೂಡಲೇ ಬ್ರೇಕ್. ಹಿಂದೆ ಬರುವವರು ಆಗ ಜೋರಾಗಿ ತುಳಿಯುತ್ತಿರುತ್ತಾರೆ. ಗೆರೆಯಾಚೆ ಐವತ್ತು ಮೀಟರ್ ಹೋಗಿ ನಿಲ್ಲಿ.

ಯಾರಾದರೂ ಬಿದ್ದರೆ

ಮೊದಲು ಹಿಂದಿನವರನ್ನು ತಡೆಯಿರಿ. ಒಬ್ಬರು ಇಪ್ಪತ್ತು ಮೀಟರ್ ಹಿಂದಕ್ಕೆ ಓಡಿ ಕೈ ಬೀಸಲಿ. ಕುತ್ತಿಗೆ ನೋವು ಎಂದರೆ ಅಥವಾ ಮಾತು ತಪ್ಪುತ್ತಿದ್ದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಎಳೆಯಬೇಡಿ, ನೀರು ಕುಡಿಸಬೇಡಿ. 108ಕ್ಕೆ ಕರೆಮಾಡಿ, ಹತ್ತಿರದ ಗುರುತು ಹೇಳಿ. ಎದ್ದು ನಿಂತು ‘ಏನಿಲ್ಲ’ ಎಂದವರನ್ನೂ ಹತ್ತು ನಿಮಿಷ ಕೂರಿಸಿ ಗಮನಿಸಿ. ತಲೆಗೆ ಪೆಟ್ಟಾದ ಮೇಲೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಕೇಳಿದ್ದನ್ನೇ ಕೇಳುವುದು ಕಂಡರೆ ಆಸ್ಪತ್ರೆಗೆ ಕರೆದೊಯ್ಯಿರಿ, ಅದು ಸಂಜೆಯೇ ಆಗಿರಲಿ. ವಾಹನ ಗುದ್ದಿದ ಪ್ರಕರಣವಾದರೆ ‘ಪೊಲೀಸು, ಕೋರ್ಟು’ ಎಂದು ಹಿಂಜರಿಯಬೇಕಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ.

ಕೆಲವೊಮ್ಮೆ ಹೋಗದಿರುವುದೇ ಜಾಣತನ. ಗಾಳಿ ಜೋರಾಗಿದ್ದರೆ, ಮಳೆ ಹಿಡಿದರೆ, ರಾತ್ರಿ ಜ್ವರ ಬಂದಿದ್ದರೆ ಹೋಗಬೇಡಿ. 2017ರ ಮಾರ್ಚ್‌ನಲ್ಲಿ ಕೇಪ್‌ಟೌನ್‌ನವರು ಬಿರುಗಾಳಿ ಕಂಡು ಶುರುವಾಗಿದ್ದ ಸವಾರಿಯನ್ನೇ ರದ್ದು ಮಾಡಿದರು. ಟೀ ಶರ್ಟ್ ಕೊಟ್ಟಾಯಿತಲ್ಲ ಎಂಬ ದಾಕ್ಷಿಣ್ಯಕ್ಕೆ ಸೈಕಲ್ ಹತ್ತಬೇಕಿಲ್ಲ.

ಇನ್ನು ಜಾಥಾ ನಡೆಸುವವರಿಗೆ ಒಂದು ಕೋರಿಕೆ. ಬ್ಯಾನರ್, ಶಾಲು, ಹಾರದ ಪಟ್ಟಿಗೆ ಇನ್ನೊಂದು ಖರ್ಚು ಸೇರಿಸಿ. ಊರಿನ ಇಬ್ಬರು ಸೈಕಲ್ ರಿಪೇರಿಯವರನ್ನು ಪಂಪು, ಸ್ಪ್ಯಾನರ್ ಸಮೇತ ಒಂದು ಗಂಟೆ ಮೊದಲೇ ಕರೆಸಿ ಕೂರಿಸಿ. ಬ್ರೇಕ್ ಹಿಡಿಯದ ಸೈಕಲ್ಲನ್ನು, ಅದು ಯಾರದೇ ಆಗಿರಲಿ, ಗೆರೆಯ ಮುಂದಕ್ಕೆ ಬಿಡಬೇಡಿ.